ಹಲ್ಲಿನ ಪರೀಕ್ಷೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬಸವನಗುಡಿಯ ವೃದ್ಧರಿಗೆಲ್ಲ ಹಲ್ಲಿನ ಪರೀಕ್ಷೆ ಬಂತೆಂದೇ ಅರ್ಥ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ಬೀದಿಯುದ್ದಕ್ಕೂ ಕಡಲೆಕಾಯಿಯ ರಾಶಿಗಳು ಬೀಳುತ್ತವೆ. ಹಸಿಯದು, ಹುರಿದದ್ದು, ಬೇಯಿಸಿದ್ದು. ಹಿಂದೆ ಸುಂಕೇನಹಳ್ಳಿಯ ರೈತರ ಬೆಳೆಯನ್ನು ಬಸವನೊಂದು ಬಂದು ಮೇಯುತ್ತಿತ್ತೆಂದೂ, ಅದರ ಶಾಂತಿಗಾಗಿ ಮೊದಲ ಬೆಳೆಯನ್ನು ಒಪ್ಪಿಸುವ ಪದ್ಧತಿ ಬಂತೆಂದೂ ನಮ್ಮ ಹಿರಿಯರು ಹೇಳುತ್ತಿದ್ದರು. ಆ ಬಸವನ ಹಲ್ಲು ಗಟ್ಟಿಯಾಗಿದ್ದಿರಬೇಕು. ನನ್ನವು ಹಾಗಿಲ್ಲ. ದೇವರು ಕೊಟ್ಟ ಮೂವತ್ತೆರಡರಲ್ಲಿ ಈಗ ಹತ್ತೊಂಬತ್ತು ಉಳಿದಿವೆ. ಅವುಗಳಲ್ಲಿಯೂ ನಾಲ್ಕೈದು ಹೆಸರಿಗೆ ಮಾತ್ರ ಹುದ್ದೆಯಲ್ಲಿವೆ. ಆದರೂ ಪರಿಷೆಗೆ ಹೋಗದೆ ಇರಲಾರೆ.

ಕಳೆದ ಕಾರ್ತಿಕದಲ್ಲಿ ನನ್ನ ಜೊತೆಗೆ ಬಂದವಳು ನನ್ನ ಮಗಳ ಮಗಳು. ಹುಟ್ಟಿದ್ದು, ಬೆಳೆದದ್ದು ಅಮೆರಿಕದಲ್ಲಿ. ಕನ್ನಡವನ್ನು ತಪ್ಪಿಲ್ಲದೆ, ಆದರೆ ಕಾಲು ನೋಡಿ ಇಡುವವಳಂತೆ ನಿಧಾನವಾಗಿ ಆಡುತ್ತಾಳೆ. ದಂತವೈದ್ಯಳಾಗಬೇಕೆಂಬುದು ಅವಳ ಬಹುದಿನದ ಆಸೆ. ಹಿಂದಿನ ವರ್ಷ ಹಲವು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಒಂದು ಕಡೆಯಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. ಕಾರಣ ಅವಳಿಗೂ ಗೊತ್ತಿತ್ತು: ಪದವಿ ತರಗತಿಯ ಅಂಕಗಳು ಸಾಲದು. ಬರುವ ಮೇ ತಿಂಗಳಲ್ಲಿ ಮತ್ತೊಮ್ಮೆ ಅರ್ಜಿ ಹಾಕಬೇಕು. ಆ ಅರ್ಜಿಯೊಡನೆ ಕಳಿಸಬೇಕಾದ ಆತ್ಮನಿವೇದನೆಯೊಂದನ್ನು ಬರೆದು ತಂದಿದ್ದಳು. "ತಾತ, ನೀವು ಮೂವತ್ತಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವರು. ಇದನ್ನೂ ತಿದ್ದಿಕೊಡಿ" ಎಂದಳು.

ಈ ವಿಷಯದಲ್ಲಿ ಅಲ್ಲಿನ ಪದ್ಧತಿಗೂ ನಮ್ಮ ಪದ್ಧತಿಗೂ ಬಹಳ ಅಂತರವುಂಟು. ನಮ್ಮಲ್ಲಿ ದಂತವೈದ್ಯ ಶಿಕ್ಷಣ ಪಿಯುಸಿ ಮುಗಿದೊಡನೆ ಆರಂಭವಾಗುತ್ತದೆ. ನೀಟ್ ಪರೀಕ್ಷೆಯ ಸ್ಥಾನವೇ ಸೀಟಿನ ಭವಿಷ್ಯವನ್ನು ನಿರ್ಧರಿಸುತ್ತದೆ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇಕಡ 50, ಮೀಸಲು ವರ್ಗದವರಿಗೆ ಶೇಕಡ 40 ಬಂದಿದ್ದರೆ ಪರೀಕ್ಷೆಯ ಬಾಗಿಲು ತೆರೆದಂತೆ. ನಡುವೆ ಬಿ.ಎಸ್‌ಸಿ. ಓದಿ ಅದರಲ್ಲಿ ಮುಗ್ಗರಿಸಿದವನಿಗೆ ಸ್ಥಾನಪಟ್ಟಿಯಲ್ಲಿ ಅದರಿಂದ ನಷ್ಟವಿಲ್ಲ. 2022ರಲ್ಲಿ ವಯಸ್ಸಿನ ಮೇಲ್ಮಿತಿಯನ್ನೂ ತೆಗೆದುಹಾಕಿದರು. ಎಂದರೆ, ಹಳೆಯ ಸೋಲನ್ನು ಯಾರೂ ಕೇಳುವುದಿಲ್ಲ. ಒಂದು ದಿನದ ಪರೀಕ್ಷೆಯಲ್ಲಿ ಗೆದ್ದರೆ ಸಾಕು, ಸೋತರೆ ಹಳೆಯ ಗೆಲುವನ್ನೂ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಮುಗಿಸಿದ ಮೇಲೆ ನಾಲ್ಕು ವರ್ಷದ ದಂತವೈದ್ಯ ಶಿಕ್ಷಣ. ಡ್ಯಾಟ್ ಎಂಬ ಪ್ರವೇಶಪರೀಕ್ಷೆಯುಂಟು. ಆದರೆ ಅದೊಂದೇ ಸಾಲದು. ಪದವಿಯ ಪ್ರತಿಯೊಂದು ವಿಷಯದ ಗ್ರೇಡನ್ನೂ ತೂಗುತ್ತಾರೆ. ಏ ಎಂದರೆ ನಾಲ್ಕು, ಬಿ ಎಂದರೆ ಮೂರು, ಸಿ ಎಂದರೆ ಎರಡು. ಕೇಂದ್ರ ಅರ್ಜಿ ವ್ಯವಸ್ಥೆಯ ಲೆಕ್ಕವಂತೂ ಚಿತ್ರಗುಪ್ತನ ಲೆಕ್ಕ: ಸಿ ಬಂದ ವಿಷಯವನ್ನೇ ಮತ್ತೆ ಓದಿ ಏ ತೆಗೆದರೂ ಹಳೆಯ ಸಿ ಅಳಿಸಿಹೋಗುವುದಿಲ್ಲ, ಎರಡನ್ನೂ ಸರಾಸರಿಗೆ ಸೇರಿಸುತ್ತಾರೆ.

ನನ್ನ ಮೊಮ್ಮಗಳ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಮೊದಲೆರಡು ವರ್ಷಗಳ 60 ಕ್ರೆಡಿಟ್‌ಗಳಲ್ಲಿ ಸರಾಸರಿ 2.6. ಕೊನೆಯ ಎರಡು ವರ್ಷಗಳ 60ರಲ್ಲಿ 3.6. ಒಟ್ಟು 3.1. ಅಲ್ಲಿನ ಕಾಲೇಜುಗಳಿಗೆ ಪ್ರವೇಶ ಪಡೆಯುವವರ ಸರಾಸರಿಯಾದರೋ ಸುಮಾರು 3.6. ಪದವಿಯ ತರುವಾಯ ಈಗ ಇನ್ನೊಂದು ವರ್ಷ ಮೇಲ್ಮಟ್ಟದ ಜೀವವಿಜ್ಞಾನದ ವಿಷಯಗಳನ್ನು ಓದುತ್ತಿದ್ದಾಳೆ. ಆ 30 ಕ್ರೆಡಿಟ್‌ಗಳಲ್ಲಿ ಎಲ್ಲಕ್ಕೂ ಏ ಬಂದರೂ ಸರಾಸರಿ 3.28ಕ್ಕೆ ನಿಲ್ಲುತ್ತದೆ. ಸರಾಸರಿ ಎನ್ನುವುದು ಹೇರು ತುಂಬಿದ ಗಾಡಿ. ಇಳಿಜಾರಿನಲ್ಲಿ ತಾನೇ ಓಡುತ್ತದೆ. ಏರಿಗೆ ಎಷ್ಟು ಎಳೆದರೂ ಗೇಣುಗೇಣಾಗಿಯೇ ಹತ್ತಬೇಕು. ಆದರೆ ಕಾಲೇಜಿನವರು ಒಟ್ಟು ಸಂಖ್ಯೆಯ ಜೊತೆಗೆ ವರ್ಷವರ್ಷದ ಏರಿಳಿತವನ್ನೂ ನೋಡಬಲ್ಲರು. 2.6, 3.6, 4 ಎಂಬ ಮೂರು ಸಂಖ್ಯೆಗಳು ಒಂದು ಕಥೆಯನ್ನು ತಾವೇ ಹೇಳುತ್ತವೆ. ಆ ಕಥೆಗೆ ವಿವರಣೆ ಬರೆಯಲು ಇರುವ ಜಾಗವೇ ಆತ್ಮನಿವೇದನೆ. ಖಾಲಿ ಜಾಗವೂ ಸೇರಿ 4500 ಅಕ್ಷರಚಿಹ್ನೆಗಳು, ಅದಕ್ಕೆ ಮೇಲಿಲ್ಲ.

ನೆರೆಮನೆಯ ಮಿತ್ರರೊಬ್ಬರು ಈ ಲೆಕ್ಕಾಚಾರವನ್ನು ಕೇಳಿ ನಕ್ಕರು. "ಇಷ್ಟೆಲ್ಲ ಏಕೆ? ಇಲ್ಲೇ ಒಂದು ಸೀಟು ಕೊಡಿಸಿಬಿಡಿ, ಡಾಲರಿಗೆ ಸಿಗದ್ದು ಏನಿದೆ?" ಎಂದರು. ಮಿತ್ರರ ಜ್ಞಾನ ಕೊಂಚ ಹಳೆಯದು. ತಲೆಗಂದಾಯದ ನಿಷೇಧಕ್ಕೆ ನಮ್ಮ ರಾಜ್ಯ 1984ರಲ್ಲಿಯೇ ಕಾಯಿದೆ ಮಾಡಿತು. 1992ರಲ್ಲಿ ಸುಪ್ರೀಂ ಕೋರ್ಟು ತಲೆಗಂದಾಯವನ್ನು ಖಂಡಿಸಿ ಕೊಟ್ಟ ಮೋಹಿನಿ ಜೈನ್ ತೀರ್ಪು ಕರ್ನಾಟಕದ ಪ್ರಕರಣದಿಂದಲೇ ಹುಟ್ಟಿದ್ದು. ಅನಿವಾಸಿಗಳಿಗೆಂದು ಖಾಸಗಿ ಕಾಲೇಜುಗಳಲ್ಲಿ ಸೀಟುಗಳುಂಟು, ನಿಜ. ಆದರೆ ಅದಕ್ಕೂ ನೀಟ್ ತಪ್ಪಿದ್ದಲ್ಲ. ಇಲ್ಲಿ ಐದು ವರ್ಷ ಓದಿ ಹಿಂತಿರುಗಿದರೆ, ಅಲ್ಲಿ ವೃತ್ತಿ ನಡೆಸಲು ಸಾಮಾನ್ಯವಾಗಿ ಮತ್ತೆ ಎರಡು ಮೂರು ವರ್ಷ ಕಾಲೇಜಿಗೆ ಹೋಗಬೇಕು. ಹತ್ತಿರದ ದಾರಿಯೆಂದು ಹೊರಟದ್ದು ಸುತ್ತಿನ ದಾರಿಯಾದೀತು.

ಆ ರಾತ್ರಿ ಊಟವಾದ ಮೇಲೆ ಅವಳ ಬರಹವನ್ನು ಓದಲು ಕುಳಿತೆ. ಭಾಷೆ ಚೆನ್ನಾಗಿತ್ತು, ಶಾಲೆಯ ಮಗುವೊಂದರ ಹುಳುಕುಹಲ್ಲಿನ ನೋವನ್ನು ಕಂಡು ತನಗೆ ಈ ವೃತ್ತಿಯ ಕಡೆ ಮನಸ್ಸು ಹರಿದ ಬಗೆಯನ್ನು ಹೃದ್ಯವಾಗಿ ಹೇಳಿದ್ದಳು. ಮೂರನೆಯ ಪ್ಯಾರಾಕ್ಕೆ ಬಂದಾಗ ನನ್ನ ಕಣ್ಣು ನಿಂತಿತು. ಕಾಲೇಜಿನ ಮೊದಲೆರಡು ವರ್ಷ ಅಂಕಗಳು ಕುಸಿಯಲು ಭಾರತದಲ್ಲಿ ತನ್ನ ಅಜ್ಜಿ ತೀರಿಕೊಂಡದ್ದೇ ಕಾರಣವೆಂದು ಅದರಲ್ಲಿ ಬರೆದಿತ್ತು.

ನನ್ನ ಹೆಂಡತಿ ತೀರಿಕೊಂಡದ್ದು 2023ರ ಆಷಾಢದಲ್ಲಿ. ಮೊಮ್ಮಗಳ ಎರಡನೆಯ ವರ್ಷದ ಪರೀಕ್ಷೆಗಳು ಅದೇ ಮೇ ತಿಂಗಳಿನಲ್ಲಿ ಮುಗಿದಿದ್ದವು. ಆ ತಿಂಗಳಲ್ಲಿ ಅಜ್ಜಿ ಆರೋಗ್ಯವಾಗಿದ್ದು, ಗಾಂಧಿಬಜಾರಿನಿಂದ ಮಾವಿನಕಾಯಿ ತಂದು ಉಪ್ಪಿನಕಾಯಿ ಹಾಕಿದ್ದಳು. ಆ ಜಾಡಿ ಇನ್ನೂ ಅಡಿಗೆಮನೆಯಲ್ಲಿದೆ. ಸತ್ಯ ಹೇಳಬೇಕೆಂದರೆ, ಈ ಹುಡುಗಿಯ ಅಂಕಗಳು ಏರಲಾರಂಭಿಸಿದ್ದೇ ಅಜ್ಜಿ ಹೋದ ಮೇಲೆ.

ನನಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ಏಕೆಂದರೆ ಆ ಪ್ಯಾರಾವನ್ನು ನಾನು ಹಿಂದೆ ಒಮ್ಮೆ, ನನ್ನ ಬಾಯಿಂದಲೇ ಹೇಳಿದ್ದೆ.

1965ರಲ್ಲಿ ನಾನು ಬಿ.ಎಸ್‌ಸಿ. ಮುಗಿಸಿದೆ, ಮೂರನೆಯ ದರ್ಜೆ. ರಸಾಯನಶಾಸ್ತ್ರವನ್ನು ಓದಬೇಕಾದ ಸಂಜೆಗಳನ್ನು ನಾನು ಬಿ.ಪಿ. ವಾಡಿಯಾ ರಸ್ತೆಯ ಪುಸ್ತಕಾಲಯದಲ್ಲಿ ಕಾದಂಬರಿಗಳಿಗೆ ಒಪ್ಪಿಸಿದ್ದೆ. ಉಳಿದ ಸಂಜೆಗಳು ಕಹಳೆಬಂಡೆಯ ಮೇಲೆ ಗೆಳೆಯರೊಡನೆ ಹರಟೆಯಲ್ಲಿ ಕಳೆದವು. ಇದಕ್ಕಿಂತ ದೊಡ್ಡ ಕಾರಣ ಬೇರೇನೂ ಇರಲಿಲ್ಲ. ಆಗ ರಾಜ್ಯದಲ್ಲಿ ದಂತವೈದ್ಯ ಶಿಕ್ಷಣ ಇನ್ನೂ ಎಳೆಯದು: ಬೆಂಗಳೂರಿನ ಸರಕಾರಿ ಕಾಲೇಜು 1958ರಲ್ಲಿ ಆರಂಭವಾಗಿತ್ತು, ಮಣಿಪಾಲದ ಕಾಲೇಜು 1965ರಲ್ಲಿ ಆಗತಾನೆ ಕಣ್ಣು ಬಿಡುತ್ತಿತ್ತು. ನಾನು ಒಂದು ಕಡೆ ಅರ್ಜಿ ಹಾಕಿದೆ. ಅದು ಎಲ್ಲಿಯದೆಂಬುದು ಇಲ್ಲಿ ಅಪ್ರಸ್ತುತ. ಅಲ್ಲಿನವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಆಗಿನದು ಸಂದರ್ಶನದ ಕಾಲ. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಆಯ್ಕೆಯಲ್ಲಿ ಸಂದರ್ಶನಕ್ಕೂ ಅಂಕ ಕೊಡಬೇಕೆಂದು ಮೈಸೂರು ಸರಕಾರ 1963ರಲ್ಲಿ ಆಜ್ಞೆ ಮಾಡಿತ್ತು. ಸಾಮಾನ್ಯಜ್ಞಾನ, ವ್ಯಕ್ತಿತ್ವ, ಆಟೋಟ, ಸಮಾಜಸೇವೆ, ಚರ್ಚಾಕೂಟ, ನಾಟಕ ಇವೆಲ್ಲ ಲೆಕ್ಕಕ್ಕೆ ಬರುತ್ತಿದ್ದವು. ಇದು ಸರಿಯೇ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯ ಆ ಪದ್ಧತಿಯನ್ನು ಎತ್ತಿಹಿಡಿದಿತ್ತು. ಊರಿನಲ್ಲಿ ಮಾತ್ರ ಸಂದರ್ಶನವೆಂದರೆ ಶಿಫಾರಸು ಎಂಬ ಮಾತೇ ಪ್ರಚಾರದಲ್ಲಿತ್ತು. ಆ ಮಾತು ನನ್ನಂಥವರಿಗೆ ಬಹಳ ಅನುಕೂಲವಾಯಿತು.

ಸಮಿತಿಯ ಹಿರಿಯರೊಬ್ಬರು ನನ್ನ ಅಂಕಪಟ್ಟಿಯನ್ನು ನೋಡಿ, "ಮೂರನೆಯ ದರ್ಜೆ ಏಕೆ ಬಂತಪ್ಪ?" ಎಂದು ಮೃದುವಾಗಿಯೇ ಕೇಳಿದರು. "ತಾಯಿಗೆ ಕಾಯಿಲೆ, ನಾನೇ ಶುಶ್ರೂಷೆ ಮಾಡಬೇಕಾಗಿತ್ತು" ಎಂದೆ. "ಏನು ಕಾಯಿಲೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ತಾಯಿ ಆ ಹೊತ್ತಿನಲ್ಲಿ ಮನೆಯಲ್ಲಿ ನನಗಾಗಿ ಗಣಪತಿಗೆ ತುಪ್ಪದ ದೀಪ ಹಚ್ಚಿಟ್ಟು ಕಾಯುತ್ತಿದ್ದಳು. ಹಿರಿಯರು ಮತ್ತೇನೂ ಕೇಳದೆ ಅಂಕಪಟ್ಟಿಯನ್ನು ಮಡಿಸಿ ಹಿಂತಿರುಗಿಸಿದರು.

ಮನೆಗೆ ಬಂದು ತಂದೆಗೆ ಎರಡನೆಯ ಸುಳ್ಳು ಹೇಳಿದೆ: "ಏನೂ ಕೇಳಲಿಲ್ಲ, ಯಾರ ಕಡೆಯವನು ಎಂದು ಮಾತ್ರ ಕೇಳಿದರು. ಶಿಫಾರಸಿಲ್ಲದೆ ಆಗುವುದಿಲ್ಲ." ನನ್ನ ತಂದೆ ಗುಮಾಸ್ತರು; ಯಾರ ಮುಂದೆಯೂ ಕೈಯೊಡ್ಡಿದವರಲ್ಲ. ಮರುವರ್ಷ ಅರ್ಜಿಯ ಕಾಲ ಬಂದಾಗ ಒಂದು ದಿನ ರಜ ಹಾಕಿ, ಇಸ್ತ್ರಿ ಮಾಡಿದ ಕೋಟು ತೊಟ್ಟು, ಮಲ್ಲೇಶ್ವರದಲ್ಲಿ ದೊಡ್ಡವರೊಬ್ಬರ ಮನೆಗೆ ಹೋದರು. ಎರಡು ಗಂಟೆಯ ಹೊತ್ತು ಜಗಲಿಯ ಮೇಲೆ ನಿಂತಿದ್ದರಂತೆ. ಹಿಂತಿರುಗಿ ಬಂದು ಕೋಟನ್ನು ಗೂಟಕ್ಕೆ ತಗುಲಿಸುತ್ತ, "ನೋಡೋಣ ಎಂದರು" ಎಂದಷ್ಟೇ ಹೇಳಿದರು. ಆ ಸಲವೂ ಆಗಲಿಲ್ಲ. ಮಗನಿಗೆ ಯೋಗ್ಯತೆಯಿದ್ದೂ ತನಗೆ ಪ್ರಭಾವವಿಲ್ಲದ್ದರಿಂದ ಅವಕಾಶ ತಪ್ಪಿತೆಂಬ ಕೊರಗನ್ನು ಹೊತ್ತುಕೊಂಡೇ ಅವರು 1974ರಲ್ಲಿ ತೀರಿಕೊಂಡರು. ಸತ್ಯ ಹೇಳಲು ನನಗೆ ಒಂಬತ್ತು ವರ್ಷ ಅವಕಾಶವಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಮಾರನೆಯ ಬೆಳಗ್ಗೆ ಹಜಾರದಲ್ಲಿ ಕಡಲೆಕಾಯಿ ಸುಲಿಯುತ್ತ ಕುಳಿತಾಗ ಮೊಮ್ಮಗಳಿಗೆ ಹೇಳಿದೆ. ಅವಳ ಪ್ಯಾರಾದ ವಿಷಯವನ್ನು ನಾನು ಎತ್ತಲೇ ಇಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಜ್ಜಿ ಹೋದದ್ದು ಜುಲೈಯಲ್ಲಿ" ಎಂದಳು. "ಹೌದು" ಎಂದೆ. ಆಮೇಲೆ ನಿಜವಾದ ಕಾರಣಗಳನ್ನು ಒಂದೊಂದಾಗಿ ಹೇಳಿದಳು. ಪ್ರೌಢಶಾಲೆಯಲ್ಲಿ ಸುಲಭವಾಗಿ ಬರುತ್ತಿದ್ದ ಅಂಕಗಳು ಕಾಲೇಜಿನಲ್ಲಿಯೂ ಬರುತ್ತವೆಂದು ನಂಬಿದ್ದು. ಸಾವಯವ ರಸಾಯನ ತಿಳಿಯದಿದ್ದಾಗ ಕೇಳಲು ನಾಚಿದ್ದು. ಬೆಳಗಿನ ತರಗತಿಗಳಿಗೆ ಏಳದೆ ಇದ್ದದ್ದು. "ಇದನ್ನು ಬರೆದರೆ ಯಾರು ತೆಗೆದುಕೊಳ್ಳುತ್ತಾರೆ, ತಾತ?"

ತೆಗೆದುಕೊಳ್ಳುತ್ತಾರೆಂದು ನಾನು ಹೇಗೆ ಹೇಳಲಿ? ನನಗೆ ತಿಳಿದಷ್ಟನ್ನು ಹೇಳಿದೆ. ಅಜ್ಜಿಯ ಸಾವಿನ ತಾರೀಖನ್ನು ಅವರು ಹುಡುಕಲಾರರು, ನಿಜ. ಆದರೆ ಸಂದರ್ಶನದಲ್ಲಿ ಯಾರಾದರೂ ಮೃದುವಾಗಿ ಒಂದು ಪ್ರಶ್ನೆ ಕೇಳಬಹುದು. ಕೇಳದೆ ಹೋದರೂ, ನೀನು ವೈದ್ಯಳಾದ ಮೇಲೆ ಎಂದಾದರೂ ಒಂದು ದಿನ ಕೈತಪ್ಪಿ ಯಾರದೋ ಒಳ್ಳೆಯ ಹಲ್ಲಿಗೆ ಪೆಟ್ಟು ಬಿದ್ದೀತು. ಆಗ ಆ ರೋಗಿಗೆ, "ತಪ್ಪು ನನ್ನದು, ಹೀಗೆ ಸರಿಪಡಿಸುತ್ತೇನೆ" ಎಂದು ಹೇಳಬೇಕಾಗುತ್ತದೆ. ಆ ಮಾತನ್ನು ಈಗಲೇ ಕಲಿಯದಿದ್ದರೆ ಆಗ ನಾಲಗೆ ಏಳದು. ದುರ್ಬಲವಾದ ವರ್ಷಗಳಿಗೆ ಎರಡು ವಾಕ್ಯ ಸಾಕು. ಉಳಿದ ಜಾಗವನ್ನು ಅನಂತರದ ವರ್ಷಗಳಿಗೆ ಕೊಡು.

ಅವಳು ಮಾತನಾಡದೆ ನನ್ನ ಮೇಜಿನ ಮೇಲಿದ್ದ ಹಳೆಯ ಸೀಮೆಸುಣ್ಣವೊಂದನ್ನು ತೆಗೆದುಕೊಂಡು, ಹಣ್ಣು ಹೆಚ್ಚುವ ಚಾಕುವಿನಿಂದ ಕೆತ್ತತೊಡಗಿದಳು. ಅಮೆರಿಕದ ಪ್ರವೇಶಪರೀಕ್ಷೆಯಲ್ಲಿ 1970ರ ದಶಕದ ಆರಂಭದವರೆಗೂ ಸೀಮೆಸುಣ್ಣವನ್ನು ಕೊಟ್ಟ ಅಳತೆಗೆ ಕೆತ್ತುವ ಭಾಗವೊಂದಿತ್ತೆಂದೂ, ಈಗ ಅದರ ಬದಲು ಆಕಾರಗಳನ್ನು ಕಣ್ಣಿನಿಂದಲೇ ಗ್ರಹಿಸುವ ಪ್ರಶ್ನೆಗಳಿವೆಯೆಂದೂ ಹೇಳಿದಳು. ನಮ್ಮ ಕಾಲೇಜುಗಳಲ್ಲಿಯೂ ಮೊದಲ ವರ್ಷದ ವಿದ್ಯಾರ್ಥಿಗಳು ಮೇಣದ ತುಂಡಿನಲ್ಲಿ ಹಲ್ಲುಗಳನ್ನು ಕೆತ್ತಿ ಕಲಿಯುತ್ತಾರೆ. ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದ ನನಗೆ ಅದರೊಳಗೊಂದು ಹಲ್ಲು ಇದ್ದೀತೆಂದು ಹೊಳೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಒಂದು ದವಡೆಹಲ್ಲು ಹೊರಬಂತು. ಎರಡು ಸಲ ಮುರಿಯಿತು. ಮೂರನೆಯ ತುಂಡಿನಲ್ಲಿ ಸರಿಯಾಯಿತು. ಮುರಿದ ತುಂಡುಗಳನ್ನು ಅವಳು ಬಚ್ಚಿಡಲಿಲ್ಲ. ಮೇಜಿನ ಮೇಲೆ ಪಕ್ಕದಲ್ಲಿಯೇ ಇಟ್ಟಳು.

ಊರಿಗೆ ಹಿಂತಿರುಗಿದ ಮೇಲೆ ಹೊಸದಾಗಿ ಬರೆದು ಕಳಿಸಿದ್ದಾಳೆ. ಅಜ್ಜಿ ಅದರಲ್ಲಿ ಇಲ್ಲ. ಮೊದಲೆರಡು ವರ್ಷಗಳ ಮಾತು ಎರಡೇ ವಾಕ್ಯದಲ್ಲಿ ಮುಗಿದಿದೆ. ಎರಡರಲ್ಲಿಯೂ ಕರ್ತೃಪದ "ನಾನು". ನಾನು ತಿದ್ದುವುದಕ್ಕೆ ಒಂದು ಅಲ್ಪವಿರಾಮ ಮಾತ್ರ ಸಿಕ್ಕಿತು. ಅರ್ಜಿ ಮೇ ತಿಂಗಳಲ್ಲಿ ಹೋಗಬೇಕು; ಉತ್ತರ ಏನು ಬಂದೀತೋ ನಾನರಿಯೆ. 3.28 ಎಂಬುದು 3.28ಏ ಸರಿ.

ಕಳೆದ ವಾರ ಹಳೆಯ ಪೆಟ್ಟಿಗೆಯನ್ನು ತೆಗೆದು ನನ್ನ ಅಂಕಪಟ್ಟಿಯನ್ನು ಹುಡುಕಿದೆ. ಅದು ಸಿಕ್ಕಿತು, ಅದರ ಜೊತೆಗೆ ತಂದೆಯವರು ತಮ್ಮ ದುಂಡಾದ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದ ಮಲ್ಲೇಶ್ವರದ ಆ ವಿಳಾಸವೂ ಸಿಕ್ಕಿತು. ಎರಡನ್ನೂ ಮಡಿಸಿ ಆ ಸೀಮೆಸುಣ್ಣದ ಹಲ್ಲಿನ ಕೆಳಗೆ ಇಟ್ಟಿದ್ದೇನೆ.