ಬಾಡಿಗೆ ಗೋಡೆಗೊಂದು ಮೊಳೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರು ಕರಾರುಪತ್ರದಲ್ಲಿ ಬಾಡಿಗೆ, ಮುಂಗಡಗಳ ಮೊತ್ತವನ್ನು ಎರಡೆರಡು ಬಾರಿ ನೋಡುತ್ತಾರೆ; ‘ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ’ ಎಂಬ ಸಾಲನ್ನು ಮಾತ್ರ ಓದದೆ ಸಹಿ ಹಾಕುತ್ತಾರೆ. ನಾನೂ ಹಾಗೆ ಮಾಡಿದವನೇ. ಸರ್ಕಾರಿ ಸೇವೆಯ ವರ್ಗಾವಣೆಗಳಲ್ಲಿ ಹಲವು ಮನೆ ಬದಲಿಸಿದ ನಾನು, ಒಂದು ಮನೆ ಬಿಡುವಾಗ ಮೂರು ಮೊಳೆಗಳ ಗುರುತಿಗಾಗಿ ಇಡೀ ನಡುಮನೆಯ ಬಣ್ಣದ ಖರ್ಚನ್ನು ತೆತ್ತೆ. ಅವುಗಳಲ್ಲೊಂದು ನನ್ನ ತಂದೆಯ ಭಾವಚಿತ್ರ ತೂಗಿದ ಮೊಳೆ.

ಕಾನೂನು ಇಷ್ಟು ಕಠೋರವಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣವು ಸಹಜ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಅಧಿನಿಯಮವಂತೂ, ಅದೇ ಷರತ್ತಿಗೊಳಪಟ್ಟು, ಗೋಡೆಗೆ ಸುಣ್ಣ ಬಳಿಸುವುದನ್ನು ಮಾಲೀಕನ ಹೊಣೆಯೆಂದಿದೆ. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ಆದರೆ ರಾಜ್ಯ ಶಾಸನ ಮಾಡದ ಹೊರತು ಮಾದರಿ ಮಾದರಿಯಾಗಿಯೇ ಉಳಿಯುತ್ತದೆ. ನಮ್ಮ ನಗರದಲ್ಲಿ ಹತ್ತು ತಿಂಗಳ ಮುಂಗಡವೇ ಬಹುಕಾಲದ ವಾಡಿಕೆ.

ಅರ್ಥಶಾಸ್ತ್ರ ಓದಿದವನ ಲೆಕ್ಕ ಸರಳ: ಮುಂಗಡವೆಂದರೆ ಮಾಲೀಕನಿಗೆ ಕೊಟ್ಟ ಬಡ್ಡಿಯಿಲ್ಲದ ಸಾಲ; ಅದರ ಮೇಲೆ ಗೋಡೆಗೂ ಸುರಿದರೆ ಅದು ದಾನ. ಹಾಗಾಗಿ ಲಾರಿ ಹತ್ತಬಲ್ಲ ವಸ್ತುಗಳಿಗಷ್ಟೇ ಹಣ ವ್ಯಯಿಸುವುದು ನಮ್ಮ ಮನೆಯ ನೀತಿಯಾಯಿತು. ಬಿರುಕು ಬಿಟ್ಟ ನೆಲವನ್ನು ಮುಚ್ಚಿದ ನವಲಗುಂದದ ಜಮಖಾನೆ ನಮ್ಮೊಡನೆ ಮೂರು ಊರು ಕಂಡಿದೆ. ಹೆಂಡತಿಯ ಹಳೆಯ ಇಳಕಲ್ ಸೀರೆ ಎರಡು ಕಿಟಕಿಗಳ ಪರದೆಯಾಯಿತು. ಕಿಟಕಿಯ ಎತ್ತರ ಮನೆಯಿಂದ ಮನೆಗೆ ಬೇರೆಯಾದ್ದರಿಂದ ಆಕೆ ಹೆಚ್ಚಿದ್ದ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಿಚಿ ಹೊಲಿದಳು. ಮುಂದಿನ ಮನೆಯಲ್ಲಿ ಹೊಲಿಗೆ ಬಿಚ್ಚಿದರಾಯಿತು. ಚೌಕಟ್ಟಿನ ನಡುವೆ ಬಿಗಿಯಾಗಿ ನಿಲ್ಲುವ ಸ್ಪ್ರಿಂಗ್ ಸರಳಿಗೆ ಮೊಳೆ ಬೇಕಿಲ್ಲ. ಅಂಟಿನ ಕೊಕ್ಕೆಗಳನ್ನು ಮಾತ್ರ ನಂಬಬೇಡಿ. ಡಿಸ್ಟೆಂಪರ್ ಗೋಡೆಯಾದರೆ ಕೊಕ್ಕೆಯೊಡನೆ ಬಣ್ಣದ ಪದರವೂ ಕಿತ್ತು ಬಂದೀತು. ಮಲೆನಾಡಿನ ಮಣ್ಣಿನ ಗೋಡೆಗಳ ಮೇಲೆ ಮೂಡುತ್ತಿದ್ದ ಹಸೆ ಚಿತ್ತಾರ ಈಗ ಬಟ್ಟೆ, ಕಾಗದಗಳ ಮೇಲೂ ದೊರೆಯುತ್ತದೆ. ಗೋಡೆಯೇ ತನ್ನದಲ್ಲದವನಿಗೆ ಇದೊಂದು ಉಪಕಾರ. ತಂದೆಯ ಭಾವಚಿತ್ರ ಈಗ ಪುಸ್ತಕದ ಕಪಾಟಿನ ಮೇಲೆ ಒರಗಿ ನಿಂತಿದೆ.

ಈ ನೀತಿಯನ್ನು ನಾನು ಮುರಿದದ್ದು ಒಮ್ಮೆ ಮಾತ್ರ. ಅಮ್ಮ ಹಾಸಿಗೆ ಹಿಡಿದಾಗ ನಾವಿದ್ದ ಮನೆಯ ಹಿಂಬದಿ ಕೋಣೆಗೆ ಪಕ್ಕದ ಕಟ್ಟಡ ಅಡ್ಡವಾಗಿ, ಹಗಲಲ್ಲೂ ಮಬ್ಬು. ಗೋಡೆಯದು ಕಡುಹಸಿರು ಬಣ್ಣ. ಮಾಲೀಕರ ಅನುಮತಿ ಪಡೆದು, ನನ್ನದೇ ಖರ್ಚಿನಲ್ಲಿ ಬಿಳಿ ಬಳಿಸಿದೆ. ಕಿಟಕಿಗೆದುರಾಗಿ ಬೀರುವಿನ ಕನ್ನಡಿಯನ್ನು ತಿರುಗಿಸಿಟ್ಟೆ. ಆರು ತಿಂಗಳಲ್ಲಿ ಆ ಮನೆ ಬಿಟ್ಟೆವು. ಬಣ್ಣದ ಹಣವನ್ನು ಕೇಳಲಿಲ್ಲ, ಅವರು ಕೊಡಲೂ ಇಲ್ಲ. ಕೊನೆಯ ಎರಡು ತಿಂಗಳು ಅಮ್ಮ ಆ ಕೋಣೆಯಲ್ಲಿ ದೀಪ ಹಾಕಿಸದೆ ದಿನಪತ್ರಿಕೆ ಓದಿದರು.