ಮೆತ್ತಗಾದ ಬ್ರೇಕು

ಜಗಳೂರಿನ ಸುತ್ತಲ ಬಯಲು ಹಾದಿಗಳಲ್ಲಿ ಸಂಜೆಯ ಹೊತ್ತು ಕುರಿಮಂದೆಗಳು ಹಟ್ಟಿಗೆ ಮರಳುವುದು ಕಂಡುಬರುವ ನೋಟ. ಅಂತಹ ಒಂದು ಸಂಜೆ ನಾನು ಮಗನ ಮೋಟಾರು ಸೈಕಲ್ಲಿನಲ್ಲಿ ಊರಿಗೆ ಹಿಂದಿರುಗುತ್ತಿದ್ದೆ. ತಿರುವಿನಲ್ಲಿ ಮಂದೆಯೊಂದು ಎದುರಾಯಿತು. ಬಲಗಾಲಿನಿಂದ ಬ್ರೇಕನ್ನು ಮೆಟ್ಟಿದೆ. ಪೆಡಲು ಹತ್ತಿಯ ಮೂಟೆಯನ್ನು ತುಳಿದಂತೆ ಮೆತ್ತಗೆ ಕುಸಿಯಿತೇ ಹೊರತು ವೇಗ ತಗ್ಗಲಿಲ್ಲ. ಮುಂಬದಿಯ ಬ್ರೇಕು ಹಿಡಿದು, ಗೇರು ಇಳಿಸಿ ನಿಲ್ಲಿಸಿದಾಗ, ಕೊನೆಯ ಮರಿಗೂ ಗಾಲಿಗೂ ನಡುವೆ ಒಂದು ಮೊಳದ ಅಂತರವಿತ್ತು. ಕುರಿಗಾಹಿ ಬೈಯಲಿಲ್ಲ, ಮರಿಯನ್ನು ಎತ್ತಿಕೊಂಡು ಸುಮ್ಮನೆ ನನ್ನನ್ನು ನೋಡಿದ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ವಾಹನಗಳನ್ನು ನಮ್ಮ ತಲೆಮಾರು ಬಲ್ಲದು. ಅವುಗಳದು ಡ್ರಮ್ ಬ್ರೇಕು. ಅಂತಹ ಬ್ರೇಕಿನಲ್ಲಿ ಗಾಲಿಯ ನಡುವಿನ ಡಬ್ಬಿಯೊಳಗೆ ಎರಡು ಬ್ರೇಕ್ ಶೂಗಳು ಅಗಲವಾಗಿ ಒಳಗೋಡೆಯನ್ನು ಒತ್ತುತ್ತವೆ. ಶೂ ಸವೆದಂತೆ ಪೆಡಲು ಹೆಚ್ಚು ಕೆಳಗಿಳಿಯುತ್ತದೆ. ಆಗ ಹೊರಗಿನ ನಟ್ಟನ್ನು ತಿರುಗಿಸಿ ಸಡಿಲನ್ನು ಸರಿಪಡಿಸಬಹುದು. ಶೂ ತೀರ ಸವೆದಿದ್ದರೆ ಹೊಸದನ್ನು ಹಾಕಲೇಬೇಕು.

ಮಗನ ವಾಹನದ್ದು ಡಿಸ್ಕ್ ಬ್ರೇಕು. ಇಲ್ಲಿ ಕಾಲಿನ ಬಲವನ್ನು ಒಯ್ಯುವುದು ಬ್ರೇಕ್ ಆಯಿಲ್. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ಪ್ಯಾಸ್ಕಲನ ನಿಯಮವೇ ಇದರ ತಳಹದಿ. ದ್ರವವು ಕುಗ್ಗುವುದಿಲ್ಲವೆಂದೇ ಹೇಳಬಹುದು. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಕೊಳವೆಯೊಳಗೆ ಗಾಳಿಯ ಗುಳ್ಳೆ ಸೇರಿದರೆ ಕಾಲಿನ ಬಲ ಗುಳ್ಳೆಯನ್ನು ಹಿಂಡುವುದರಲ್ಲೇ ವ್ಯಯವಾಗುತ್ತದೆ. ಪ್ಯಾಡುಗಳು ತಟ್ಟೆಯನ್ನು ಬಿಗಿಯಾಗಿ ಹಿಡಿಯಲಾರವು.

ಮರುದಿನ ಮೆಕ್ಯಾನಿಕನ ಬಳಿಗೆ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಮೊದಲು ಆಯಿಲ್ ಡಬ್ಬಿಯನ್ನು ನೋಡಿದ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿತ್ತು. ಪ್ಯಾಡು ಸವೆದರೂ ಮಟ್ಟ ಇಳಿಯುವುದುಂಟು. ಪ್ಯಾಡು ದಪ್ಪವಾಗಿಯೇ ಇತ್ತು. ಬಳಿಕ ಪೆಡಲನ್ನು ನಾಲ್ಕಾರು ಬಾರಿ ಒತ್ತಿದ, ಸ್ವಲ್ಪ ಗಟ್ಟಿಯಾಯಿತು. “ಮೇಷ್ಟ್ರೇ, ಒತ್ತಿದಷ್ಟೂ ಗಟ್ಟಿಯಾದರೆ ಗಾಳಿ ಹಿಡಿದಿದೆ ಅಂತ. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗಿನ ರಬ್ಬರು ಕೆಟ್ಟಿದೆ” ಎಂದ. ಕೊಳವೆಯನ್ನು ಬೆರಳಿನಿಂದ ತಡವಿ ನೋಡಿದ. ಒಂದು ಕೂಡುಜಾಗ ಒದ್ದೆಯಾಗಿತ್ತು. “ಗಾಳಿ ತೆಗೆದರೆ ಸಾಲದು, ಅದು ಬಂದ ದಾರಿಯನ್ನೂ ಮುಚ್ಚಬೇಕು” ಎಂದು ಅಲ್ಲಿನ ವಾಷರನ್ನು ಬದಲಿಸಿ ಬಿಗಿಮಾಡಿದ.

ಅನಂತರ ಹೊಸ ಡಬ್ಬಿಯ ಆಯಿಲ್ ತುಂಬಿಸಿ, ಹಿಂಗಾಲಿಯ ಬಳಿಯ ಸಣ್ಣ ತಿರುಪಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿದ. ಅವನು ಹೇಳಿದಂತೆ ನಾನು ಪೆಡಲನ್ನು ಒತ್ತಿ ಹಿಡಿದೆ. ಅವನು ತಿರುಪನ್ನು ಸಡಿಲಿಸಿದ, ಗುಳ್ಳೆಗಳು ಹೊರಬಂದವು. ತಿರುಪನ್ನು ಬಿಗಿದ ಮೇಲೆಯೇ ಕಾಲು ತೆಗೆಯಬೇಕು. ಇಲ್ಲದಿದ್ದರೆ ಗಾಳಿ ಮತ್ತೆ ಒಳಕ್ಕೆ ನುಗ್ಗುತ್ತದೆ. ಡಬ್ಬಿಯಲ್ಲಿ ಆಯಿಲ್ ತೀರದಂತೆ ನೋಡಿಕೊಳ್ಳುತ್ತ, ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮಾಡಿದೆವು.

ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದರ ಕುದಿಯುವ ಬಿಂದು ಇಳಿದು, ಬ್ರೇಕು ಕಾದಾಗ ಆವಿಯ ಗುಳ್ಳೆಗಳೇಳಬಹುದು. ಆದುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಎಂಜಿನ್ ಆಯಿಲನ್ನು ಅಲ್ಲಿಗೆ ಎಂದೂ ಹಾಕಬಾರದು. ರಬ್ಬರು ಊದಿ ಕೆಡುತ್ತದೆ.

ನನಗೆ ನಾಚಿಕೆಯಾದುದು ಒಂದು ವಿಷಯಕ್ಕೆ. ಪೆಡಲು ಮೆತ್ತಗಾದುದು ಆ ಸಂಜೆಯಲ್ಲ; ವಾರದ ಹಿಂದೆಯೇ. ‘ನಾಳೆ ನೋಡೋಣ’ ಎಂದು ನಾನೇ ತಳ್ಳಿಹಾಕಿದ್ದೆ. ವಾಹನ ಓಡುತ್ತದೆಯೇ ಎಂದು ಎಲ್ಲರೂ ನೋಡುತ್ತಾರೆ. ನಿಲ್ಲುತ್ತದೆಯೇ ಎಂದು ಮನೆಬಿಡುವ ಮುನ್ನ ಒಮ್ಮೆ ಪೆಡಲು ಒತ್ತಿ ನೋಡಲು ಒಂದು ಗಳಿಗೆ ಸಾಕು. ಆ ಗಳಿಗೆಯನ್ನು ನಾನು ಉಳಿಸಿಕೊಂಡೆ. ಅದರ ಬೆಲೆಯನ್ನು ಇನ್ನೇನು ಒಂದು ಮರಿ ತೆರಬೇಕಿತ್ತು.