ಇಂಗ್ಲಿಷ್ ಸಮಾಸಪದಗಳ ವಿಭಜನೆ ಮತ್ತು ಆಘಾತ

‘ಹಳೆಯ ಕನ್ನಡ’ ಎಂದರೆ ಒಂದು ಅರ್ಥ, ‘ಹಳಗನ್ನಡ’ ಎಂದರೆ ಬೇರೊಂದು ಅರ್ಥ. ಮೊದಲನೆಯದು ಬಿಡಿಪದಗಳ ಜೋಡಿ, ಎರಡನೆಯದು ಸಮಾಸ. ಕಕಾರಕ್ಕೆ ಗಕಾರ ಬಂದ ಆದೇಶಸಂಧಿಯೇ ಪದಗಳು ಒಂದಾದುದನ್ನು ಸಾರುತ್ತದೆ. ಇಂಗ್ಲಿಷಿನಲ್ಲಿ ಇಂಥ ಸಂಧಿಯಿಲ್ಲ. ಆ ಕೆಲಸವನ್ನು ಅಲ್ಲಿ ಬಹುಮಟ್ಟಿಗೆ ಆಘಾತವು, ಎಂದರೆ ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಬಲವಾಗಿ ನುಡಿಯುವ ಕ್ರಮವು, ಮಾಡುತ್ತದೆ.

ಮೊದಲು ವಿಭಜನೆಯನ್ನು ನೋಡೋಣ. ಸಮಾಸವನ್ನು ಅದರ ಘಟಕಪದಗಳು ಕೂಡುವ ಎಡೆಯಲ್ಲಿಯೇ ಒಡೆಯಬೇಕು. ‘ಬ್ಲ್ಯಾಕ್‌-ಬೋರ್ಡ್’ ಎಂಬುದರಲ್ಲಿ ಇರುವುದು ಎರಡೇ ಉಚ್ಚಾರಾಂಶಗಳು. ನಮ್ಮ ಮಕ್ಕಳು ಕೊನೆಗೆ ಉಕಾರ ಸೇರಿಸಿ ‘ಬೋರ್ಡು’ ಎಂದಾಗ ಮೂರಾಗುತ್ತವೆ. ಕೂಡುವ ಎಡೆ ತಪ್ಪಿದರೆ ಅರ್ಥವೂ ತಪ್ಪೀತು. ‘ನೈಟ್‌-ರೇಟ್’ ಎಂದರೆ ರಾತ್ರಿಯ ದರ. ಟಕಾರಕ್ಕೆ ರಕಾರ ಬೆಸೆದು ‘ನೈಟ್ರೇಟ್’ ಎಂದರೆ ರಸಾಯನಶಾಸ್ತ್ರದ ಲವಣ! ಬಹುಕಾಲದ ಬಳಕೆಯಿಂದ ಸವೆದ ಸಮಾಸಗಳನ್ನು ಮಾತ್ರ ಬರಹ ನೋಡದೆ ಕಿವಿಯಿಂದಲೇ ಒಡೆಯಬೇಕು. ‘ಕಪ್’, ‘ಬೋರ್ಡ್’ ಸೇರಿದ ಪದ ಇಂದು ‘ಕಬರ್ಡ್’ ಎಂದಾಗಿದೆ. ಅದರ ಪಕಾರ ಬರಹದಲ್ಲಿ ಮಾತ್ರ ಉಳಿದಿದೆ.

ಇನ್ನು ಆಘಾತ. ನಾಮಪದ ಸಮಾಸಗಳಲ್ಲಿ ಪ್ರಧಾನ ಆಘಾತವು ಸಾಮಾನ್ಯವಾಗಿ ಪೂರ್ವಪದದ ಮೇಲೆ ಬೀಳುತ್ತದೆ. ವಿಶೇಷಣ-ವಿಶೇಷ್ಯಗಳು ಬಿಡಿಯಾಗಿದ್ದರೆ ಉತ್ತರಪದದ ಮೇಲೆ. ‘ಬ್ಲ್ಯಾಕ್‌ಬರ್ಡ್’ ಎಂಬುದರಲ್ಲಿ ‘ಬ್ಲ್ಯಾಕ್’ ಬಲವಾದರೆ ಅದು ಒಂದು ಜಾತಿಯ ಹಕ್ಕಿಯ ಹೆಸರು. ‘ಬರ್ಡ್’ ಬಲವಾದರೆ ಯಾವುದೇ ಕರಿಯ ಹಕ್ಕಿ, ನಮ್ಮ ಕಾಗೆಯೂ ಆದೀತು. ಈ ಭೇದ ನಮ್ಮ ವೃತ್ತಿಯನ್ನೂ ಮುಟ್ಟುತ್ತದೆ. ‘ಇಂಗ್ಲಿಷ್ ಟೀಚರ್’ ಎನ್ನುವಾಗ ಆಘಾತ ‘ಇಂಗ್ಲಿಷ್’ ಮೇಲಿದ್ದರೆ ಇಂಗ್ಲಿಷ್ ಕಲಿಸುವವರು. ‘ಟೀಚರ್’ ಮೇಲಿದ್ದರೆ ಇಂಗ್ಲೆಂಡಿನವರಾದ ಅಧ್ಯಾಪಕರು. ಎರಡಕ್ಕಿಂತ ಹೆಚ್ಚು ಉಚ್ಚಾರಾಂಶಗಳಿದ್ದರೆ ಬಲದಲ್ಲಿ ಮೂರು ಮೆಟ್ಟಿಲುಗಳಿರಬಹುದು: ‘ನ್ಯೂಸ್‌-ಪೇ-ಪರ್’ ಎಂಬಲ್ಲಿ ಮೊದಲನೆಯದು ಪ್ರಬಲ, ಎರಡನೆಯದು ಮಧ್ಯಮ, ಮೂರನೆಯದು ದುರ್ಬಲ.

ಅಪವಾದಗಳೂ ಉಂಟು. ‘ಆಪಲ್ ಕೇಕ್’ ಎಂಬುದಕ್ಕೆ ಪೂರ್ವಪದದಲ್ಲಿ ಆಘಾತ, ‘ಆಪಲ್ ಪೈ’ ಎಂಬುದಕ್ಕೆ ಉತ್ತರಪದದಲ್ಲಿ. ಬೀದಿಯ ಹೆಸರು ‘ಸ್ಟ್ರೀಟ್’ ಎಂದು ಮುಗಿದರೆ ಪೂರ್ವಪದಕ್ಕೆ ಬಲ, ‘ರೋಡ್’ ಎಂದು ಮುಗಿದರೆ ‘ರೋಡ್’ ಪದಕ್ಕೇ ಬಲ. ಇವನ್ನು ರೂಢಿಯಿಂದಲೇ ಕಲಿಯಬೇಕು. ನಿಘಂಟಿನಲ್ಲಿ ಉಚ್ಚಾರಾಂಶದ ಹಿಂದೆ ಮೇಲ್ಗಡೆ ಇರುವ ಸಣ್ಣ ಗೆರೆ ಪ್ರಧಾನ ಆಘಾತವನ್ನೂ ಕೆಳಗಡೆಯ ಗೆರೆ ಮಧ್ಯಮವನ್ನೂ ಸೂಚಿಸುತ್ತದೆ.

ನಮ್ಮ ಛಂದಸ್ಸು ಲಘು-ಗುರುಗಳಿಂದ ಕಾಲವನ್ನು ಅಳೆಯುತ್ತದೆ. ಇಂಗ್ಲಿಷಿನ ನಡೆ ಬಲವನ್ನು ತೂಗುತ್ತದೆ. ಆದುದರಿಂದ ಎಲ್ಲ ಉಚ್ಚಾರಾಂಶಗಳನ್ನೂ ಸಮಬಲದಿಂದ ನುಡಿಯುವುದು ನಮ್ಮ ಮಕ್ಕಳಿಗೆ ಸಹಜ. ಅದನ್ನು ದಡ್ಡತನವೆಂದು ಗದರಿಸಬಾರದು. ಹಲವು ನುಡಿಗಳ ನಡುವೆ ಬೆಳೆಯುವ ಗಡಿನಾಡಿನ ಮಗುವಿನ ಕಿವಿ ಸೂಕ್ಷ್ಮವಾದುದು. ಮೊದಲು ‘ಹಳಗನ್ನಡ’ವನ್ನು ಬಿಡಿಸಿ ತೋರಿಸಿ, ಅನಂತರ ‘ಬ್ಲ್ಯಾಕ್‌ಬರ್ಡ್’ಗೆ ಕೈತಟ್ಟಿಸೋಣ. ತಾಯ್ನುಡಿಯ ವ್ಯಾಕರಣವೇ ಪರನುಡಿಗೆ ಕೀಲಿಕೈಯಾಗುವುದು.